ದಣಪೆ ದಾಟಿದ್ರೆ ನಮ್ಮನೆ

ಎಲ್ಲರಿಗೂ ನಮಸ್ಕಾರ. ರೇಡಿಯೋದಲ್ಲಿ ಮಾತಾಡಿ ಅಂತ ಕರೆದಾಗ ಅವರು ಮೊದಲು ಕೇಳಿದ್ದೇ ವಿಳಾಸ, ಯಾವುದೋ ಫಾರಂ ತುಂಬಬೇಕಂತೆ. ನಾನು ಹೇಳ್ದೆ, ಕೆಳಗಿನ್ಮನೆ, ಆಮೇಲೆ ಊರು, ಅಂಚೆ, ಹೋಬಳಿ, ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ. ಡೋರ್ ನಂಬರ್ ಮೇಡಂ? ಇಲ್ಲ. ಮೇನ್ ರೋಡು, ಕ್ರಾಸು ಏನಾದ್ರೂ? ಇಲ್ಲ ಮಾರಾಯ್ರೆ, ನಮ್ಮಲ್ಲಿ ರೋಡು ಮುಗಿದ ಮೇಲೆ ಮನೆ ಶುರುವಾಗೋದು. ಹಂಗಾದ್ರೆ ಜನ ಹೆಂಗೆ ಬರ್ತಾರೆ ಅಂದ್ರು. ಕೇಳ್ಕೊಂಡು ಬರ್ತಾರೆ ಅಂದೆ. ಅವರು ನಕ್ಕರು, ಆದ್ರೆ ಅದು ಜೋಕ್ ಅಲ್ಲ, ನಮ್ಮ ಕಡೆ ವಿಳಾಸ ಅಂದ್ರೆ ಅದೇನೇ. ನಂಬರ್ ಇಲ್ಲವೇ ಇಲ್ಲ ಅಂತಲ್ಲ, ಪಂಚಾಯ್ತಿ ಕಂದಾಯದ ರಸೀದೀಲಿ ಒಂದು ಉದ್ದದ ನಂಬರ್ ಇದೆ, ಅದು ಪಂಚಾಯ್ತಿ ಕಂಪ್ಯೂಟರಿಗೂ ನಮ್ಮೆಜಮಾನರಿಗೂ ಮಾತ್ರ ಗೊತ್ತು, ಅವರಿಗೂ ರಸೀದಿ ಎಲ್ಲಿಟ್ಟಿದೀನಿ ಅನ್ನೋದು ಗೊತ್ತಿಲ್ಲ.

ಮಲೆನಾಡಿನ ಊರು ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಬಯಲುಸೀಮೆ ಊರಿನ ಹಂಗೆ ಮನೆಗೆ ಮನೆ ಅಂಟ್ಕೊಂಡು ಇರಲ್ಲ, ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ತಲೇಲಿ, ಮತ್ತೊಂದಕ್ಕೆ ಸಂಕ, ಅಂದ್ರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿ ಹೋಗಬೇಕು. ಹಂಗಾಗಿ ಮನೆಗೆಲ್ಲ ಹೆಸರು. ಮೇಲಿನ್ಮನೆ, ಕೆಳಗಿನ್ಮನೆ, ಆಚೆಮನೆ, ಹೊಸ್ಮನೆ. ಹೊಸ್ಮನೆ ಅಂತ ಇದ್ಯಲ್ಲ, ಅದು ಊರಲ್ಲೇ ಹಳೇ ಮನೆ, ಈಗ ಗೋಡೆ ಎಲ್ಲ ಬಿರುಕು ಬಿಟ್ಟಿದೆ, ಆದ್ರೂ ಹೊಸ್ಮನೆಯೇ. ಪಕ್ಕದಲ್ಲಿ ಮೊನ್ನೆ ಮೊನ್ನೆ ಆರ್‌ಸಿಸಿ ಹಾಕಿ ಕಟ್ಟಿದ್ದಕ್ಕೆ ಏನು ಹೆಸರಿಡೋದು ಅಂತ ಯಾರಿಗೂ ತೋಚದೆ ತಾರಸಿ ಮನೆ ಅಂತಿದಾರೆ.

ಹೋದ ವರ್ಷ ಬೆಂಗಳೂರಿಂದ ಮಗಳು ಅಜ್ಜಿಗೆ ಅಂತ ಮಂಡಿನೋವಿನ ಪಟ್ಟಿ ಆನ್‌ಲೈನಲ್ಲಿ ಆರ್ಡರ್ ಮಾಡಿದ್ಲು. ಡೆಲಿವರಿ ಹುಡುಗ ಫೋನ್ ಮಾಡ್ದ. ಮೇಡಂ ಲೊಕೇಶನ್ ಕಳ್ಸಿ ಅಂದ. ಮನೇಲಿ ನೆಟ್‌ವರ್ಕ್ ಇಲ್ಲಪ್ಪ, ಈಗ ಮಾತಾಡ್ತಿರೋದೇ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ನಿಂತ್ಕೊಂಡು, ನೀನೀಗ ಎಲ್ಲಿದೀಯ ಹೇಳು ಅಂದೆ. ಬಸ್‌ಸ್ಟ್ಯಾಂಡ್ ಹತ್ರ ಅಂದ. ಸರಿ, ಅಲ್ಲಿಂದ ಎಡಕ್ಕೆ ಬಾ, ದೊಡ್ಡ ಹಲಸಿನ ಮರ ಸಿಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನು, ಮೇಡಂ ಹಲಸಿನ ಮರ ಇಲ್ಲ. ಆವಾಗ ನೆನಪಾಯ್ತು, ಆ ಮರ ಹಿಂದಿನ ಮಳೆಗಾಲದಲ್ಲೇ ಬಿದ್ದೋಗಿತ್ತು. ಹೌದಪ್ಪ ಅದು ಬಿದ್ದಿದೆ, ಅದು ಇದ್ದ ಜಾಗಕ್ಕೆ ಬಾ ಅಂದೆ! ಪಾಪ ಆ ಹುಡುಗ ಏನೂ ಬೈಲಿಲ್ಲ. ಸಂಕ ದಾಟಿದ ಮೇಲೆ ಎರಡು ದಾರಿ ಆಗುತ್ತೆ, ಯಾವ ಕಡೆಯಿಂದ ನಾಯಿ ಬೊಗಳುತ್ತೋ ಆ ಕಡೆ ಬಾ, ಬೇಲಿ ಬಾಗಿಲಿಗೆ ಅಡ್ಡ ಗಳ ಇಟ್ಟ ದಣಪೆ ಇದೆ, ಅದನ್ನ ತೆಗೆದು ಒಳಗೆ ಬಂದ್ರೆ ನಮ್ಮನೆ, ಬಂದ ಮೇಲೆ ದಣಪೆ ಹಾಕು ಇಲ್ಲಾಂದ್ರೆ ದನ ನುಗ್ಗುತ್ತೆ ಅಂತೆಲ್ಲ ಹೇಳಿ ಇಳಿದು ಬಂದೆ.

ಅವತ್ತು ನಾಯಿ ಬೊಗಳಿದ್ದು ಮೇಲಿನ್ಮನೇಲಿ. ಪಟ್ಟಿ ಅಲ್ಲಿಗೇ ಹೋಯ್ತು.

ಮೇಲಿನ್ಮನೆ ಅಂದ್ರೆ ನಮ್ಮ ಭಾವನ ಮನೆ. ಮೊದಲು ಒಂದೇ ಮನೆ, ಹಿಸ್ಸೆ ಆಗಿ ಹದಿನಾಲ್ಕು ವರ್ಷ ಆಯ್ತು. ತೋಟ ಅಳೆದರು, ಬೆಟ್ಟ ಅಳೆದರು, ಪಾತ್ರೆ ಪಗಡಿ ಎಲ್ಲ ಎರಡು ಪಾಲು. ಕಡೆಗೆ ಉಳಿದಿದ್ದು ಅತ್ತೆ. ಅತ್ತೆ ನಮ್ಮನೇಲಿ ಮಲಗ್ತಾರೆ, ರೇಷನ್ ಕಾರ್ಡಲ್ಲಿ ಅವರ ಹೆಸರು ಮೇಲಿನ್ಮನೇಲಿದೆ, ಆಧಾರ್ ಕಾರ್ಡಲ್ಲಿ ಇರೋದು ಹಳೇ ಮನೆ ವಿಳಾಸ, ಆ ಹಳೇ ಮನೆ ಈಗ ಇಲ್ಲ, ಅದರ ಕಲ್ಲು ಕಂಬ ಕಿತ್ತು ಎರಡೂ ಮನೆಗೆ ಹಾಕ್ಕೊಂಡಿದೀವಿ. ಪಿಂಚಣಿ ವೆರಿಫಿಕೇಶನ್‌ಗೆ ಬಂದವರು ಅಜ್ಜಿ ನೀವು ಇರೋದು ಎಲ್ಲಿ ಅಂದ್ರೆ ಅತ್ತೆ ಹೇಳಿದ್ದು, ಹಗಲೋ ರಾತ್ರಿಯೋ ಹೇಳಿ, ಅದರ ಮೇಲೆ ಹೇಳ್ತೀನಿ ಅಂತ.

ನಾಯಿದೂ ಇದೇ ಕಥೆ. ನಮ್ಮ ಕಾಳ ಮರಿ ಇದ್ದಾಗ ಯಾರೋ ರೋಡ್ ಪಕ್ಕ ಬಿಟ್ಟೋಗಿದ್ದು, ನಮ್ಮೆಜಮಾನರು ಹಾಲಿನ ಡೈರಿಗೆ ಹೋದವರು ಚೀಲದಲ್ಲಿ ಹಾಕ್ಕೊಂಡು ಬಂದ್ರು. ಮೈ ಪೂರ್ತಿ ಕಪ್ಪು, ಒಂದು ಕಾಲಿನ ತುದಿ ಮಾತ್ರ ಬಿಳಿ, ಸುಣ್ಣದ ಡಬ್ಬಿಗೆ ಕಾಲು ಹಾಕಿದ ಹಂಗೆ. ಬೆಳಿಗ್ಗೆ ನಮ್ಮಲ್ಲಿ ದೋಸೆ ತಿಂದು ಎಲ್ಲೋ ಹೋಗ್ತಿದ್ದ, ಸಂಜೆ ಕತ್ತಲಾಗೋ ಹೊತ್ತಿಗೆ ಬರ್ತಿದ್ದ, ಊರು ಸುತ್ತೋಕೆ ಹೋಗ್ತಾನೆ ಅನ್ಕೊಂಡಿದ್ವಿ. ಸೆಪ್ಟೆಂಬರ್ 28ಕ್ಕೆ ವಿಶ್ವ ರೇಬೀಸ್ ದಿನ ಅಂತ ಇರುತ್ತಲ್ಲ, ಆ ಸಮಯಕ್ಕೆ ನಮ್ಮಲ್ಲೂ ಹುಚ್ಚುನಾಯಿ ರೋಗದ ಲಸಿಕೆ ಕ್ಯಾಂಪ್ ಮಾಡಿದ್ರು. ಅಡಿಕೆ ತೋಟಕ್ಕೆ ಔಷಧಿ ಹೊಡೆಸೋ ಕೆಲಸ ಇತ್ತು, ನಾನು ಮಧ್ಯಾಹ್ನದ ಮೇಲೆ ಕಾಳನ ಕುತ್ತಿಗೆಗೆ ಹಗ್ಗ ಹಾಕಿ ಕರ್ಕೊಂಡು ಹೋದೆ. ಲಸಿಕೆ ಹಾಕೋರು ಇದನ್ನ ನೋಡಿ, ಅಮ್ಮ ಈ ನಾಯಿ ಬೆಳಿಗ್ಗೆ ಬಂದಿತ್ತಲ್ವಾ ಅಂದ್ರು. ಛೆ ಇಲ್ಲ, ಇದು ನಮ್ಮನೆ ನಾಯಿ, ಕಾಳ ಅಂತ. ಅವರು ಪುಸ್ತಕ ತಿರುವಿ ತೋರಿಸಿದ್ರು, ಹೆಸರು ರಾಜ, ಬಣ್ಣ ಕಪ್ಪು, ಬಲಗಾಲು ಬಿಳಿ, ಕೆಳಗೆ ಮೇಲಿನ್ಮನೆ ಅಕ್ಕನ ಸಹಿ. ನಂಬಿಕೆ ಬರಲಿಲ್ಲ ನಂಗೆ. ಅವರು ಸುಮ್ಮನೆ ಇರದೆ ರಾಜಾ ಅಂದ್ರು, ಈ ಮಹರಾಯ ಬಾಲ ಅಲ್ಲಾಡಿಸ್ದ ನೋಡಿ, ಅಷ್ಟು ಜನದ ಮುಂದೆ!

ಅಕ್ಕ ರಾಜಾ ರಾಜಾ ಅಂತ ಕೂಗೋದು ನಮ್ಮ ಅಂಗಳಕ್ಕೆ ಕೇಳ್ತಿತ್ತು, ನಾನು ಮೊಮ್ಮಗನ್ನ ಮುದ್ದಿಗೆ ಕರೀತಾರೆ ಅನ್ಕೊಂಡಿದ್ದೆ. ಅವರಿಗೆ ನಮ್ಮ ಕಾಳ ಅನ್ನೋ ಕೂಗು ಕೇಳಿದ್ರೆ ಯಾವುದೋ ಕೆಲಸದಾಳಿನ ಹೆಸರು ಅನ್ನಿಸ್ತಿತ್ತಂತೆ. ಆಮೇಲೆ ಕೂತು ಲೆಕ್ಕ ಹಾಕಿದ್ವಿ. ನಮ್ಮನೇಲಿ ದೋಸೆ, ಅಲ್ಲಿ ಮಧ್ಯಾಹ್ನ ಅನ್ನ ಮಜ್ಜಿಗೆ, ನಮ್ಮಲ್ಲಿ ರಾತ್ರಿ ಊಟ, ಅದು ಮುಗಿಸ್ಕೊಂಡು ಅಲ್ಲಿ ಹೋಗಿ ಒಂದು ರೌಂಡ್ ಹಾಲನ್ನ. ಎರಡು ಕಡೆ ಕಾರ್ಡ್ ಮಾಡಿಸ್ಕೊಂಡು ಅಕ್ಕಿ ತಗೊಂಡವರನ್ನ ಹಿಡೀತಾರೆ, ಇವನನ್ನ ಯಾರು ಹಿಡೀಬೇಕು ಅಂತ ನಮ್ಮೆಜಮಾನರು ಅಂದ್ರು.

ನಾಯಿ ವಿಷಯ ಬಂತು ಅಂತ ಒಂದು ಮಾತು ಹೇಳಿಬಿಡ್ತೀನಿ, ಕಚ್ಚಿದ್ರೆ ಅಥವಾ ಪರಚಿದ್ರೆ ಅರಿಶಿನ, ಮೆಣಸಿನಪುಡಿ ಅಂತ ಹಚ್ಚೋಕೆ ಹೋಗಬೇಡಿ, ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ಸಾಕಿದ ನಾಯಿ ಏನಾಗಲ್ಲ ಅನ್ನೋದು ಬೇಡ.

ಅಂಚೆ ವಿಷಯಕ್ಕೆ ಬರ್ತೀನಿ. ನಮ್ಮ ಹಳೇ ಅಂಚೆಯಣ್ಣನಿಗೆ ವಿಳಾಸವೇ ಬೇಕಾಗಿರಲಿಲ್ಲ. ಕವರ್ ಮೇಲಿನ ಅಕ್ಷರ ನೋಡಿ ಇದು ಇಂಥವರ ಅಳಿಯ ಬರೆದಿದ್ದು ಅಂತ ಹೇಳ್ತಿದ್ರು. ಮನೆಗೇ ತಂದು ಕೊಡ್ತಿದ್ರು ಅಂತೇನಿಲ್ಲ, ಸೊಸೈಟಿ ಹತ್ರ ಸಿಕ್ಕಿದ್ರೆ ಅಲ್ಲೇ, ಮದುವೆ ಮನೇಲಿ ಸಿಕ್ಕಿದ್ರೆ ಊಟದ ಪಂಕ್ತೀಲೇ, ನಿಮ್ಗೊಂದು ಕಾಗದ ಇದೆ ನೋಡಿ ಅಂತ ಜೇಬಿಂದ ತೆಗೀತಿದ್ರು. 65 ವರ್ಷ ತುಂಬಿ ಅವರು ನಿವೃತ್ತಿ ಆದ್ರು, ಗ್ರಾಮೀಣ ಡಾಕ್ ಸೇವಕರಿಗೆ ಅಷ್ಟು ವರ್ಷದ ತನಕ ಕೆಲಸ ಇರುತ್ತೆ. ಈಗ ಆ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ತಗೊಳ್ಳೋದು, ಹಂಗಾಗಿ ಬಯಲುಸೀಮೆ ಕಡೆಯ ಒಬ್ಬಳು ಹುಡುಗಿ ಬಂದ್ಲು. ಮಳೆಗಾಲದಲ್ಲಿ ಬಂದು ಇಳಿದಿದ್ದು ಪಾಪ, ಜಿಗಣೆ ನೋಡಿ ಅತ್ತೇಬಿಟ್ಟಿದ್ಲು. ಎಲ್ಲಿ ನೋಡಿದ್ರೂ ಒಂದೇ ಥರ ಹಸಿರು, ಯಾವ ಮನೆ ಯಾರದ್ದು ಅಂತ ಗೊತ್ತಾಗಲ್ಲ ಅಕ್ಕ ಅಂತಿದ್ಲು. ಆಮೇಲೆ ಅವಳೇ ಒಂದು ಉಪಾಯ ಮಾಡ್ಕೊಂಡ್ಲು, ಒಂದು ನೂರು ಪೇಜಿನ ನೋಟ್‌ಬುಕ್. ಒಂದಿನ ನೀರು ಕುಡಿಯೋಕೆ ಜಗುಲೀಲಿ ಕೂತಾಗ ನಾನು ತೆಗೆದು ನೋಡಿದೆ. ಆಚೆಮನೆ, ಕೆಂದು ನಾಯಿ, ಕಚ್ಚುತ್ತೆ, ದೂರದಿಂದ ಕೂಗಬೇಕು. ಹೊಸ್ಮನೆ, ನಾಯಿ ಇಲ್ಲ, ಹೋರಿಕರು ಹಾಯುತ್ತೆ. ತಾರಸಿ ಮನೆ, ಬಿಳಿ ಪುಟ್ಟ ನಾಯಿ, ಒಳಗಡೆಯೇ ಇರುತ್ತೆ. ಕೆಳಗಿನ್ಮನೆ, ಕಪ್ಪು ನಾಯಿ, ಕಚ್ಚಲ್ಲ. ಮೇಲಿನ್ಮನೆ, ಅದೇ ನಾಯಿ.

ನೋಡಿ, ಬಂದು ಎರಡು ತಿಂಗಳಿಗೆ ಅವಳಿಗೆ ಗೊತ್ತಾಗಿತ್ತು, ನಮಗೆ ಎರಡು ವರ್ಷ ಬೇಕಾಯ್ತು.

ನಮ್ಮ ಕಾಳ ಅವಳನ್ನ ಬಿಟ್ಟು ಬೇರೆ ಯಾರು ಅಂಚೆ ಚೀಲ ತಂದ್ರೂ ಬೊಗಳ್ತಾನೆ. ಆದ್ರೆ ಅಂಚೆಯವರಿಗೆ ನಾಯಿ ಮೇಲೆ ಸಿಟ್ಟೇನೂ ಇಲ್ಲ ಅನ್ನಿಸುತ್ತೆ, 2005ರಲ್ಲಿ ನಾಲ್ಕು ದೇಶಿ ತಳಿ ನಾಯಿಗಳ ಸ್ಟಾಂಪ್ ತಂದಿದ್ರು, ಅದ್ರಲ್ಲಿ ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿನೂ ಒಂದು. ಮೇಲಿನ್ಮನೆ ಹುಡುಗ ಫೋನಲ್ಲಿ ಅದರ ಫೋಟೋ ತೋರಿಸಿದ, ಏನು ಎತ್ತರ, ಏನು ಸೊಂಟ. ಕಾಳನ ಪಕ್ಕ ಹಿಡಿದು ನೋಡಿದ್ವಿ. ಬೇಡ ಬಿಡಿ.

ಪಿನ್ ಕೋಡ್ ಇದ್ಯಲ್ಲ ಅಂತೀರಿ. ಇದೆ. 1972ರ ಆಗಸ್ಟ್ 15ಕ್ಕೆ ಶುರುವಾಗಿದ್ದು, ಆವಾಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು, ಕರ್ನಾಟಕ ಅಂತ ಆಗಿದ್ದು ಮುಂದಿನ ವರ್ಷದ ನವೆಂಬರ್ 1ಕ್ಕೆ. ಮಾಡಿದವರು ಶ್ರೀರಾಮ ಭಿಕಾಜಿ ವೇಲಣಕರ್ ಅಂತ, ಅಂಚೆ ಇಲಾಖೆಯ ಅಧಿಕಾರಿ, ಸಂಸ್ಕೃತದಲ್ಲಿ ಕವಿತೆ ನಾಟಕ ಎಲ್ಲ ಬರೀತಿದ್ದರಂತೆ. ಒಂದೇ ಹೆಸರಿನ ಊರುಗಳು ಎಷ್ಟೋ, ಒಬ್ಬೊಬ್ಬರು ಒಂದೊಂದು ಭಾಷೇಲಿ ಬರೆಯೋ ಕಾಗದ, ಇದನ್ನೆಲ್ಲ ವಿಂಗಡಿಸೋಕೆ ಆರು ಅಂಕಿ. ನಮ್ಮಲ್ಲೇ ಹೊಸಹಳ್ಳಿ, ಹೊಸೂರು ಅಂತ ಎಷ್ಟಿವೆ ಹೇಳಿ! ಉತ್ತರ ಕರ್ನಾಟಕದವರು ಜಾಣರು, ಹೆಸರು ಒಂದೇ ಆದ್ರೆ ದೊಡ್ಡದಕ್ಕೆ ಬುದ್ರುಕ್, ಚಿಕ್ಕದಕ್ಕೆ ಖುರ್ದ್ ಅಂತ ಸೇರಿಸಿ ಬಿಡ್ತಾರೆ. 577 ಅಂದ್ರೆ ನಮ್ಮ ಸೀಮೆ, ಆದ್ರೆ ನಮ್ಮದೊಂದೇ ಅಲ್ಲ, ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಸಾಗರ 577401, ಚಿತ್ರದುರ್ಗ 577501. ಕೊನೇ ಮೂರು ಅಂಕಿ ಹಂಚೋ ಅಂಚೆ ಕಚೇರಿದು. ಅಂದ್ರೆ ಪಿನ್ ಕೋಡ್ ಕಾಗದನ್ನ ಪೋಸ್ಟಾಫೀಸಿನ ಬಾಗಿಲ ತನಕ ತಂದು ಬಿಡುತ್ತೆ, ಅಲ್ಲಿಂದ ಮುಂದೆ ಆ ಹುಡುಗಿ, ಅವಳ ನೋಟ್‌ಬುಕ್ಕು, ನಾಯಿ.

ಕೊಟ್ಟಿಗೆ ಕಥೆ ಬೇರೆ. ನಮ್ಮ ಹಸು ಗೌರಿ ಮಲೆನಾಡು ಗಿಡ್ಡ ತಳಿ, ಕೊಡೋದು ಒಂದು ಲೋಟ ಹಾಲು, ಒದೆಯೋದು ನಾಲ್ಕು ಸಲ. ಕಾಲುಬಾಯಿ ರೋಗದ ಲಸಿಕೆ ಹಾಕೋಕೆ ಬಂದವರು ಅವಳ ಕಿವಿಗೆ ಹಳದಿ ಓಲೆ ಹಾಕಿ ಹೋಗಿದಾರೆ, ಅದ್ರಲ್ಲಿ 12 ಅಂಕಿ ನಂಬರು, ಯಜಮಾನ ಯಾರು, ಲಸಿಕೆ ಯಾವಾಗ ಎಲ್ಲ ಕಂಪ್ಯೂಟರಲ್ಲಿ ಬರುತ್ತಂತೆ. ದನಕ್ಕೆ ನಂಬರ್ ಇದೆ, ದನ ಇರೋ ಮನೆಗಿಲ್ಲ. ಬೆಕ್ಕಿನ ವಿಷಯ ಅಂತೂ ಕೇಳಲೇ ಬೇಡಿ, ಮರಿ ಹಾಕಿದ ಮೇಲೆ ಬೆಕ್ಕು ಏಳು ಮನೆ ತಿರುಗಿಸುತ್ತೆ ಅಂತ ಹಿರಿಯರು ಹೇಳಿದ್ದಾರಲ್ಲ, ನಮ್ಮೂರಲ್ಲಿ ಏಳು ಮನೆ ಸುತ್ತಬೇಕಂದ್ರೆ ಎರಡು ಕಿಲೋಮೀಟರ್ ಆಗುತ್ತೆ, ಅದಕ್ಕೇ ನಮ್ಮ ಬೆಕ್ಕು ಅಟ್ಟ, ಸೌದೆಕೊಟ್ಟಿಗೆ, ಬಚ್ಚಲೊಲೆ ಪಕ್ಕ ಅಂತ ಒಂದೇ ಮನೇಲಿ ಏಳು ಜಾಗ ಮಾಡ್ಕೊಂಡಿದೆ.

ಫಾರಂಗಳಲ್ಲಿ ಈಗಿನ ವಿಳಾಸ, ಖಾಯಂ ವಿಳಾಸ ಅಂತ ಎರಡು ಕೇಳ್ತಾರೆ. ಹೆಣ್ಮಕ್ಕಳು ಅಲ್ಲಿ ಏನು ಬರೀಬೇಕೋ ನನಗಂತೂ ಇವತ್ತಿಗೂ ಗೊತ್ತಿಲ್ಲ. ಮಗಳು ಬೆಂಗಳೂರಲ್ಲಿ ಐದು ವರ್ಷಕ್ಕೆ ನಾಲ್ಕು ಬಾಡಿಗೆ ಮನೆ ಬದಲಾಯಿಸಿದ್ಲು, ಪ್ರತೀ ಸಲ ಖಾಯಂ ವಿಳಾಸ ಅಂತ ನಮ್ಮ ದಣಪೆ ಮನೇನೇ ಬರೀತಾಳೆ.

ನಾಲ್ಕು ವರ್ಷದ ಹಿಂದೆ ಹಳ್ಳಿ ಮನೆ ಜಾಗ ಅಳೆದು ಹಕ್ಕಿನ ದಾಖಲೆ ಕೊಡೋ ಸ್ವಾಮಿತ್ವ ಯೋಜನೆ ಅಂತ ಡ್ರೋನ್ ಸರ್ವೆಗೆ ಬಂದಿದ್ರು, ಕೇಂದ್ರದವರು 2020ರ ಏಪ್ರಿಲಲ್ಲಿ ಶುರು ಮಾಡಿದ್ದು ಅದು. ಡ್ರೋನ್ ಹಾರಿಸೋ ಮೊದಲು ಯಾರ ಗಡಿ ಎಲ್ಲಿಗೆ ಅಂತ ಸುಣ್ಣದಲ್ಲಿ ಗೆರೆ ಎಳೀತಾರೆ, ಮೇಲಿಂದ ಕಾಣ್ಲಿ ಅಂತ. ಭಾವ ಒಂದು ಮೊಳ ಈಚೆ ಅಂದ್ರು, ನಮ್ಮೆಜಮಾನರು ಒಂದು ಮೊಳ ಆಚೆ ಅಂದ್ರು. ಹಿಸ್ಸೆ ಆದಾಗಿನ ಮಾತೆಲ್ಲ ಎದ್ದು ಬಂತು, ಯಾರ ಮದುವೆಗೆ ಎಷ್ಟು ಖರ್ಚಾಯ್ತು ಅನ್ನೋ ತನಕ. ಕಡೆಗೆ ಅತ್ತೆ ಬಂದು ಇಲ್ಲಿ ಎಳೀರಿ ಅಂತ ದೊಣ್ಣೆ ಊರಿದ ಜಾಗದಲ್ಲಿ ಎಳೆದ್ರು. ಗೆರೆ ಹಸಿ ಇರುವಾಗಲೇ ಕಾಳ ಬಂದು ಅದರ ಮೇಲೆ ಉದ್ದಕ್ಕೆ ಮಲಗಿದ. ಎಬ್ಬಿಸಿದ್ರೆ ಏಳ್ಲಿಲ್ಲ, ರಾಜ ಅಂದ್ರೂ ಇಲ್ಲ, ಕಾಳ ಅಂದ್ರೂ ಇಲ್ಲ, ಹೊಟ್ಟೆ ಪೂರ್ತಿ ಸುಣ್ಣ. ಸರ್ವೆ ಹುಡುಗ್ರು ಮತ್ತೆ ಎಳೆದ್ರು. ಭಾವ ನಕ್ಕಿದ್ದು ಅವತ್ತೇ ಮೊದಲು ನಾನು ನೋಡಿದ್ದು, ಹಿಸ್ಸೆ ಆದ ಮೇಲೆ.

ಆಮೇಲೆ ಅಡಿಕೆ ಸುಲಿಯೋಕೆ ಮುಯ್ಯಾಳು ಮಾಡ್ಕೊಂಡ್ವಿ, ಅವರು ನಮ್ಮಲ್ಲಿಗೆ ಬರೋದು, ನಾವು ಅವರಲ್ಲಿಗೆ ಹೋಗೋದು. ಸುಲಿಯೋ ಆಳಿಗೆ ಡಬ್ಬದ ಲೆಕ್ಕದಲ್ಲಿ ಕೊಟ್ಟು ಪೂರೈಸಲ್ಲ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಬೇಕು.

ಹೋದ ಸುಗ್ಗೀಲಿ ಒಂದು ರಾತ್ರಿ ನಮ್ಮ ಜಗುಲೀಲಿ ಅಡಿಕೆ ಸುಲಿಯೋ ಎಂಟು ಮೆಟ್ಟುಗತ್ತಿ ಸಾಲಾಗಿ ಇಟ್ಕೊಂಡು ಕೂತಿದ್ವಿ. ಮೇಲಿನ್ಮನೆ ಹುಡುಗ ಮನೆಯಿಂದಲೇ ಕಂಪನಿ ಕೆಲಸ ಮಾಡೋನು, ಅವರ ವೈಫೈ ನಮ್ಮ ಜಗುಲಿ ತುದಿ ತನಕ ಬರುತ್ತೆ, ಅವನೂ ಸುಲಿತಾ ಇದ್ದ, ಐದು ನಿಮಿಷಕ್ಕೊಂದು ಅಡಿಕೆ. ಚಿಕ್ಕಮ್ಮ, ಈಗ ನಿಮ್ಮ ಮನೆಗೂ ನಂಬರ್ ಬಂದಿದೆ ಗೊತ್ತಾ ಅಂದ. 2025ರಲ್ಲಿ ಅಂಚೆ ಇಲಾಖೆಯವರು ಡಿಜಿಪಿನ್ ಅಂತ ತಂದಿದಾರೆ, ಹೈದರಾಬಾದ್ ಐಐಟಿ, ಇಸ್ರೋದವರೆಲ್ಲ ಸೇರಿ ಮಾಡಿದ್ದು, ಇಡೀ ದೇಶನ ಸುಮಾರು ನಾಲ್ಕು ಮೀಟರ್ ಉದ್ದ ನಾಲ್ಕು ಮೀಟರ್ ಅಗಲದ ಚೌಕ ಮಾಡಿ ಒಂದೊಂದು ಚೌಕಕ್ಕೆ ಹತ್ತು ಅಕ್ಷರ ಅಂಕಿ ಸೇರಿದ ಒಂದು ಕೋಡ್ ಕೊಟ್ಟಿದಾರೆ. ಫೋನ್ ಹಿಡಿದು ಜಗುಲಿದು ತೋರಿಸ್ದ. ಅಂಗಳಕ್ಕೆ ಹೋದ್ರೆ ಬೇರೆ. ಕೊಟ್ಟಿಗೆಗೆ ಬೇರೆ. ಬಚ್ಚಲುಮನೆಗೂ ಬೇರೆ. ಅಕ್ಕ ನಕ್ಕು ನಕ್ಕು ಕತ್ತಿ ಬಿಟ್ಟು ಎದ್ರು, ಅಲ್ವೋ ಬಚ್ಚಲುಮನೆಗೆ ಯಾರಾದ್ರೂ ಪತ್ರ ಹಾಕ್ತಾರೇನೋ ಅಂತ. ಕಾಳನಿಗೂ ನೋಡು ಅಂದ್ವಿ. ಅವನು ಮಲಗಿದ್ದ ಕಡೆ ಹೋಗಿ ನೋಡೋ ಹೊತ್ತಿಗೆ ಅವನು ಎದ್ದು ಬೇರೆ ಚೌಕಕ್ಕೆ ಹೋಗಿದ್ದ.

ಅತ್ತೆ ಅಷ್ಟು ಹೊತ್ತು ಎಲೆಅಡಿಕೆ ಕವಳ ಮೆಲ್ತಾ ಸುಮ್ಮನೆ ಕೂತಿದ್ರು. ಅವರ ತವರು ಶರಾವತಿ ಹೊಳೆ ದಂಡೆ ಮೇಲಿದ್ದ ಊರು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮುಳುಗಿದ್ದು. ಅವರಿಗಾಗ ಹನ್ನೆರಡೋ ಹದಿಮೂರೋ ವರ್ಷ, ಲಾರಿ ಮೇಲೆ ಸಾಮಾನಿನ ಜೊತೆ ಕೂತು ಬಂದಿದ್ದರಂತೆ. ಪ್ರತೀ ಮಳೆಗಾಲ ಲಿಂಗನಮಕ್ಕಿ ಎಷ್ಟಡಿ ತುಂಬ್ತು ಅಂತ ರೇಡಿಯೋ ಪಕ್ಕ ಕೂತು ಕೇಳೋದು, 1819 ಅಡಿ ಅಂದ್ರೆ ಫುಲ್ಲು, ಅವತ್ತು ಒಂದು ಥರ ಇರ್ತಾರೆ. ಬೇಸಿಗೇಲಿ ನೀರು ತುಂಬ ಇಳಿದಾಗ ಅದರೊಳಗೆ ಮುಳುಗಿರೋ ಹಳೇ ಮಡೆನೂರು ಅಣೆಕಟ್ಟು ಕಾಣಿಸ್ಕೊಳ್ಳುತ್ತೆ, ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಿದ್ವಿ, ಅಲ್ಲಿಂದ ಆಚೆ ಕೈ ತೋರಿಸಿ ಅಲ್ಲಿ ಅಂದಿದ್ರು. ಬರೀ ಬಿರುಕು ಬಿಟ್ಟ ಕೆಸರು, ಮರದ ಬೊಡ್ಡೆ.

ಅವರು ಕೇಳಿದ್ರು, ಅಪ್ಪೀ, ಇದು ಮನೆ ಇದ್ದ ಕಡೆ ಮಾತ್ರ ಬರ್ತದಾ?

ಇಲ್ಲ ಅಜ್ಜಿ, ಎಲ್ಲಾ ಕಡೆ ಇದೆ, ಕಾಡಿಗೂ ಇದೆ.

ನೀರಿಗೆ?

ಹುಡುಗ ನಮ್ಮ ಮುಖ ನೋಡ್ದ. ಆಮೇಲೆ ಹೋಗಿ ಅಜ್ಜಿ ಪಕ್ಕ ಕೂತು ಮ್ಯಾಪ್ ದೊಡ್ಡದು ಮಾಡ್ದ. ಅತ್ತೆ ಕನ್ನಡಕ ಹಾಕ್ಕೊಂಡು ನೋಡಿದ್ರು, ಎಲ್ಲಾ ನೀಲಿ. ಹೊಳೆ ಹೀಗೆ ಬಂದು ಹೀಗೆ ತಿರುಗ್ತಿತ್ತು, ಈ ಗುಡ್ಡದ ತಲೆ ಇದ್ಯಲ್ಲ ಅದು ನಮ್ಮ ದನ ಮೇಯೋ ಬ್ಯಾಣ, ಅದರ ಕೆಳಗೆ ದೇವಸ್ಥಾನ, ಅಲ್ಲಿಂದ ಕೂಗಿದ್ರೆ ನಮ್ಮನೆಗೆ ಕೇಳ್ತಿತ್ತು ಅಂತ ಹೇಳ್ತಾ ಹೇಳ್ತಾ ಅಡಿಕೆ ಚೊಗರಿನ ಕಲೆ ಹತ್ತಿದ ಬೆರಳನ್ನ ಸ್ಕ್ರೀನ್ ಮೇಲೆ ಆಡಿಸಿ, ಮೂರು ಸಲ ಅಲ್ಲ ಇಲ್ಲಿ ಅಲ್ಲ ಇಲ್ಲಿ ಅಂದು, ಒಂದು ಕಡೆ ನಿಲ್ಲಿಸಿದ್ರು. ಹತ್ತು ಅಕ್ಷರ ಬಂತು.

ಬರೆದು ಕೊಡು ಅಂದ್ರು. ಬೀಡಿ ಕಟ್ಟಿನ ಕಾಗದವೋ ಏನೋ ಕೈಗೆ ಸಿಕ್ಕಿದ್ದರ ಮೇಲೆ ಅವನು ದೊಡ್ಡದಾಗಿ ಬರೆದು ಕೊಟ್ಟ. ಅತ್ತೆ ಅದನ್ನ ನಾಲ್ಕು ಮಡಿಕೆ ಮಾಡಿ ಕವಳದ ಸಂಚಿಯ ಒಳಜೇಬಿಗೆ, ಸುಣ್ಣದ ಡಬ್ಬಿ ತಾಗದ ಹಂಗೆ ಇಟ್ಕೊಂಡ್ರು. ನಾವೆಲ್ಲ ಮತ್ತೆ ಸುಲಿಯೋಕೆ ಶುರು ಮಾಡಿದ್ವಿ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮತ್ತೆ ಕೇಳಿದ್ರು.

ಬೇಸಿಗೇಲಿ ನೀರು ಇಳಿದ ಮೇಲೂ ಇದೇ ನಂಬರ್ರಾ?

ಇದೇ ಅಜ್ಜಿ, ಬದಲಾಗಲ್ಲ ಅಂದ ಹುಡುಗ.

ಹಂಗಾದ್ರೆ ಏಪ್ರಿಲಲ್ಲಿ ಕಾರ್ ತಗಂಡು ಬಾ ಅಂದ್ರು.